ಕಲ್ಲಕೊಡ್ಲಿನ ನಾಲ್ಕನೆಯ ಓಟು

ಗೆದ್ದವರ ಮನೆಯಲ್ಲಿ ಪಟಾಕಿ ಹಾರುವುದನ್ನು ಎಲ್ಲರೂ ಕಂಡಿದ್ದಾರೆ. ಸೋತವನ ಮನೆಯಲ್ಲಿ ಶ್ಯಾವಿಗೆ ಒತ್ತಿ, ಕಾಯಿಹಾಲು ತೆಗೆದು, ಕೇರಿಯವರನ್ನೆಲ್ಲ ಕರೆದು ಬಡಿಸುವುದನ್ನು ಕಾಣಬೇಕಿದ್ದರೆ ಮಾವಳ್ಳಿಗೆ, ಜಟ್ಟಪ್ಪ ಮೊಗೇರನ ಮನೆಗೆ ಬರಬೇಕು. ವಿಧಾನಸಭೆಗೆ ಏಳು ಸಲ ಪಕ್ಷೇತರನಾಗಿ ನಿಂತು ಏಳು ಸಲವೂ ಸೋತ ಜಟ್ಟಪ್ಪನಿಗೆ ಈ ಸಲ ಏಳುನೂರ ನಲವತ್ಮೂರು ಓಟು ಬಿದ್ದಿದ್ದವು. ಹಿಂದಿನ ಸಲಕ್ಕಿಂತ ನೂರ ಮೂವತ್ತೆರಡು ಹೆಚ್ಚು. ಗೆದ್ದವರಿಗೂ ಅವನಿಗೂ ನಡುವೆ ಒಂದು ಸಮುದ್ರವೇ ಇತ್ತು, ನಿಜ. ಆದರೆ ಸಮುದ್ರದ ದಂಡೆಯಲ್ಲೇ ಹುಟ್ಟಿ ಬೆಳೆದವನಿಗೆ ಸಮುದ್ರ ಕಂಡರೆ ಹೆದರಿಕೆಯೆಂಥದು?

ಜಟ್ಟಪ್ಪನ ಕಸುಬು ಹರಿದ ಬಲೆ ಸರಿಮಾಡುವುದು. ಪ್ರಾಯದಲ್ಲಿ ದೋಣಿಗೆ ಹೋಗುತ್ತಿದ್ದ. ಮೊಣಕಾಲು ಮುನಿಸಿಕೊಂಡ ಮೇಲೆ ದಂಡೆಯ ಚಪ್ಪರದಲ್ಲಿ ಕಾಲು ಚಾಚಿ ಕುಳಿತು, ಬಲೆಯ ಒಂದು ತುದಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಹುಡುಕುತ್ತ ದಿನ ಕಳೆಯುತ್ತಾನೆ. ಚುನಾವಣೆ ಬಂತೆಂದರೆ ಮಾತ್ರ ಬಲೆ ಮಡಚಿ ಮೂಲೆಗಿಟ್ಟು, ಬಿಳಿ ಅಂಗಿ ತೊಟ್ಟು, ಬಗಲಿಗೆ ಚೀಲ ಏರಿಸಿ ಹೊರಟೇಬಿಡುತ್ತಾನೆ.

"ಯಾಕೆ ಮಾರಾಯ ಸುಮ್ನೆ ನಿಲ್ತೆ?" ಎಂದು ಯಾರಾದರೂ ಕೇಳಿದರೆ ಅವನ ಉತ್ತರ ಒಂದೇ. "ದೊಡ್ಡೋರು ಇಬ್ರೇ ಬಂದು ಕೇಳಿದ್ರೆ ಜನಕ್ಕೆ ಬೇಜಾರಾಗ್ತದೆ. ಮೂರನೆಯವ ಒಬ್ಬ ಬೇಕು ಅಲ್ದಾ?"

ಸ್ವಂತ ಪಕ್ಷ ಇಲ್ಲದವನಿಗೆ ಸ್ವಂತ ಚಿಹ್ನೆಯೂ ಇಲ್ಲ. ಆಫೀಸಿನವರು ಪ್ರತಿ ಸಲ ಒಂದೊಂದು ಕೊಡುತ್ತಿದ್ದರು. ಒಂದು ಸಲ ಇಸ್ತ್ರಿ ಪೆಟ್ಟಿಗೆ, ಇನ್ನೊಂದು ಸಲ ಟಾರ್ಚು, ಮತ್ತೊಂದು ಸಲ ಕುಕ್ಕರು. ಜಟ್ಟಪ್ಪ ಆ ವಸ್ತುವನ್ನೇ ಕೈಯಲ್ಲಿ ಹಿಡಿದು ಮನೆಮನೆ ತಿರುಗುವನು. ಚುನಾವಣೆ ಮುಗಿದ ಮರುದಿನ ಅದು ಅವನ ಹೆಂಡತಿ ದುರ್ಗಿಯ ಪಾಲು. "ನನ್ನ ಅರ್ಧ ಸಂಸಾರ ಆದದ್ದೇ ಇಲೆಕ್ಷನ್ನಿಂದ" ಎಂದು ಅವಳು ಮುರ್ಡೇಶ್ವರದ ಮೀನುಪೇಟೆಯಲ್ಲಿ ಕುಳಿತು ನಗುತ್ತಿದ್ದಳು.

ಈ ಸಲ ಸಿಕ್ಕಿದ್ದು ಸೀಲಿಂಗ್ ಫ್ಯಾನು. ಅದನ್ನು ಹೊತ್ತು ಗುಡ್ಡ ಹತ್ತುವುದು ಎರಡು ಸರಿಯಾದ ಮೊಣಕಾಲು ಇದ್ದವನಿಗೂ ಕಷ್ಟ. ಆಗಲೇ ಅವನ ತಂಗಿಯ ಮಗ ಸುಧಾಕರ ಹೊಸ ದಾರಿ ತೋರಿಸಿದ್ದು. ಸುಧಾಕರನಿಗೆ ಭಟ್ಕಳದಲ್ಲಿ ಝೆರಾಕ್ಸ್ ಅಂಗಡಿ ಇದೆ. ಅವನು ಮಾವನನ್ನು ಕುಮಟೆಯ ಒಂದು ಸ್ಟುಡಿಯೊಗೆ ಕರೆದೊಯ್ದು ಭಾಷಣ ರೆಕಾರ್ಡ್ ಮಾಡಿಸಿದ. ಆಟೋಕ್ಕೆ ಮೈಕು ಕಟ್ಟಿಸಿದ. ಆಟೋದ ನೆತ್ತಿಯ ಮೇಲೆ ಫ್ಯಾನು ಕೂರಿಸಿದ. ಹದಿನೈದು ದಿನ ಜಟ್ಟಪ್ಪನ ದನಿ ಊರೂರು ಸುತ್ತಿತು. ಜಟ್ಟಪ್ಪ ಮನೆಯಲ್ಲೇ ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಕುಳಿತಿದ್ದ. ಅವನ ದನಿ ಅವನ ಮನೆಯ ಮುಂದಿನಿಂದಲೇ ಹಾದುಹೋಗಿ ಅವನಲ್ಲೂ ಓಟು ಕೇಳಿತ್ತು.

ಶ್ಯಾವಿಗೆ ಊಟದ ಮಧ್ಯೆ ಸುಧಾಕರ ಮತಗಟ್ಟೆವಾರು ಪಟ್ಟಿ ತಂದುಕೊಟ್ಟ. ಯಾವ ಶಾಲೆಯಲ್ಲಿ ಯಾರಿಗೆ ಎಷ್ಟು ಓಟು ಎಂಬ ಲೆಕ್ಕ.

"ಕಾಣು ಮಾವ, ಮೈಕಿನ ಮಹಿಮೆ! ಜಾಲಿಯಲ್ಲಿ ಹೋದ್ಸಲ ಒಂಬತ್ತು, ಈ ಸಲ ಮೂವತ್ತೊಂದು!"

ಜಟ್ಟಪ್ಪ ಕನ್ನಡಕ ಏರಿಸಿ ಬೆರಳಿಟ್ಟು ಓದುತ್ತ ಹೋದ. ಮೂರನೆಯ ಹಾಳೆಯಲ್ಲಿ ಬೆರಳು ನಿಂತುಬಿಟ್ಟಿತು.

"ಕಲ್ಲಕೊಡ್ಲಲ್ಲಿ ಮೂರು" ಎಂದ.

"ಮೂರೇ ಸೈ. ಎಂತಾತು?"

"ಯಾವಾಗ್ಲೂ ನಾಲ್ಕು ಬೀಳ್ತದೆ."

ಕಲ್ಲಕೊಡ್ಲು ಮಂಕಿಯಿಂದ ಮೇಲೆ, ಗುಡ್ಡದ ಸಂದಿಯಲ್ಲಿರುವ ಸಣ್ಣ ಊರು. ತಾಲೂಕು ಹೊನ್ನಾವರ, ಓಟು ಮಾತ್ರ ಭಟ್ಕಳ ಕ್ಷೇತ್ರಕ್ಕೆ. ಅಲ್ಲಿನ ಶಾಲೆಯಲ್ಲಿ ಮತಗಟ್ಟೆ ಆದಾಗಿನಿಂದ ಹಿಂದಿನ ಮೂರು ಚುನಾವಣೆಯಲ್ಲೂ ಜಟ್ಟಪ್ಪನಿಗೆ ನಾಲ್ಕೇ ನಾಲ್ಕು ಓಟು. ಐದಾಗಲಿಲ್ಲ, ಮೂರಾಗಲಿಲ್ಲ. ಆ ನಾಲ್ವರು ಯಾರೆಂದು ಅವನು ಕೇಳಿದವನಲ್ಲ, ಕೇಳಬಾರದ್ದು ಅದು. ಆದರೆ ಬಲೆ ಹೆಣೆಯುವಾಗ ಕೆಲವೊಮ್ಮೆ ಕೈ ನಿಲ್ಲಿಸಿ, ಮುಖ ಇಲ್ಲದ ಆ ನಾಲ್ವರನ್ನು ತನ್ನ ಎದುರಿಗೆ ಸಾಲಾಗಿ ಕೂರಿಸಿಕೊಳ್ಳುತ್ತಿದ್ದ. ಅವರಿಗೆ ಮಳೆಗಾಲ ಚೆನ್ನಾಗಿರಲಿ, ಮಕ್ಕಳ ಕೆಮ್ಮು ವಾಸಿಯಾಗಲಿ ಎಂದುಕೊಳ್ಳುತ್ತಿದ್ದ. ಈಗ ಆ ಸಾಲಿನಲ್ಲಿ ಒಂದು ಜಾಗ ಖಾಲಿ.

"ಒಬ್ರು ತೀರ್ಕಂಡಿರ್ಬೇಕು" ಎಂದ ಜಟ್ಟಪ್ಪ. ಶ್ಯಾವಿಗೆ ತಟ್ಟೆ ಪಕ್ಕಕ್ಕೆ ಸರಿಯಿತು.

"ಮಾವ, ನೂರ ಮೂವತ್ತೆರಡು ಬಂದದ್ದು ಬಿಟ್ಟು ಒಂದು ಹೋದದ್ದಕ್ಕೆ ಅಳ್ತ್ಯಲ!"

"ಬಲೆಯಲ್ಲಿ ಸಾವಿರ ಕಣ್ಣು ಸರಿ ಇದ್ರೂ ನಂಗೆ ಕಾಣೂದು ಹರಿದದ್ದೇ ಮಾರಾಯ. ನನ್ನ ನಂಬಿದ ಜೀವ ಅದು. ಸತ್ತದ್ದು ಗೊತ್ತಾಗ್ದೆ ನಾ ಇಲ್ಲಿ ಶ್ಯಾವಿಗೆ ತಿಂತೆ ಇದ್ನಲ್ಲ. ಒಂದ್ ಸಲ ಹೋಗಿ ಅವರ ಮನೆಯೋರನ್ನು ಮಾತಾಡ್ಸಿ ಬರೂಕೆ ಬೇಡ್ವಾ?"

ಮೇ ತಿಂಗಳ ಕೊನೆಯ ಸೋಮವಾರ ಗಂಡಹೆಂಡತಿ ಹೊರಟರು. ದುರ್ಗಿ ಚೀಲದಲ್ಲಿ ಒಂದು ಚಿಪ್ಪು ಬಾಳೆಹಣ್ಣು ಇಟ್ಟುಕೊಂಡಳು. ಅದರ ಪಕ್ಕದಲ್ಲಿ ಕಾಗದದಲ್ಲಿ ಸುತ್ತಿದ ಒಣಸಿಗಡಿ.

"ಸತ್ತವರ ಮನೆಗೆ ಸಿಗಡಿ ಒಯ್ಯೂದುಂಟನೇ?" ಎಂದು ಜಟ್ಟಪ್ಪ ಗದರಿದ.

"ಸತ್ತಿದ್ರೆ ಬಾಳೆಹಣ್ಣು, ಬದುಕಿದ್ರೆ ಸಿಗಡಿ. ನಿಮ್ಮ ಹಾಂಗೆ ನಾ ಮೊದ್ಲೇ ತೀರ್ಮಾನ ಮಾಡೂದಿಲ್ಲ" ಎಂದಳು ದುರ್ಗಿ.

ಮಂಕಿಯವರೆಗೆ ಬಸ್ಸು, ಅಲ್ಲಿಂದ ಹೊಳೆಯ ತನಕ ಆಟೋ. ಹೊಳೆ ದಾಟುವ ಸಂಕ ಮುರಿದು ಬಿದ್ದಿತ್ತು. ಅಡಿಕೆಮರದ ಎರಡು ದಬ್ಬೆ ಒಂದು ಕಡೆ ಜೋತಾಡುತ್ತಿದ್ದವು. ಬೇಸಿಗೆಯ ನೀರು ಪಾದ ಮುಳುಗುವಷ್ಟೇ ಇದ್ದುದರಿಂದ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದರು. ಆಮೇಲೆ ಏರು. ಜಟ್ಟಪ್ಪನ ಮೊಣಕಾಲು ಒಂದೊಂದು ಹೆಜ್ಜೆಗೂ ತಕರಾರು ತೆಗೆಯಿತು.

ಊರ ಬಾಯಲ್ಲಿ ನಾಗಭೂಷಣನ ಅಂಗಡಿ. ಬೀಡಿ, ಬೆಲ್ಲ, ಚಾ. ಬೆಂಚಿನ ಮೇಲೆ ನಾಲ್ಕು ಮಂದಿ ಕುಳಿತಿದ್ದರು. ಜಟ್ಟಪ್ಪನನ್ನು ಕಂಡದ್ದೇ ಎಲ್ಲರೂ ಎದ್ದರು.

"ಓಹೋ ಕುಕ್ಕರ್ ಜಟ್ಟಪ್ಪ! ಅಲ್ಲಲ್ಲ, ಈಗ ಫ್ಯಾನು! ಬನ್ನಿ ಬನ್ನಿ. ಎಂತಾತು ಮಾರಾಯ್ರೇ, ನಾವೆಲ್ಲ ನಿಮಗೇ ಹಾಕಿದ್ದು, ಆದ್ರೂ ಹೀಂಗಾಗೋತಲ್ಲ" ಎಂದ ನಾಗಭೂಷಣ.

"ನಂದೂ ನಿಮಗೇ" ಎಂದರು ಬೆಂಚಿನ ನಾಲ್ವರೂ.

ದುರ್ಗಿ ಬೆರಳು ಮಡಚಿದಳು. "ಐದಾತು. ಊರಲ್ಲಿ ಬಿದ್ದದ್ದು ಮೂರು. ಇಬ್ರು ಕೈ ಕೆಳಗೆ ಇಳಸ್ರಪ್ಪ."

ಬೆಂಚಿನಲ್ಲಿದ್ದ ಒಬ್ಬ ಚಾದ ಲೋಟದೊಳಗೆ ಏನೋ ಬಿದ್ದಂತೆ ಇಣುಕಿದ. ಜಟ್ಟಪ್ಪನಿಗೇ ಕನಿಕರ ಬಂತು.

"ನಾ ಓಟು ಕೇಳೂಕೆ ಬಂದದ್ದಲ್ಲ ತಮ್ಮಾ. ಈ ಐದು ವರ್ಷದಲ್ಲಿ ಊರಲ್ಲಿ ಯಾರ್ಯಾರು ತೀರ್ಕಂಡ್ರು, ಅಷ್ಟು ಹೇಳಿ."

ಅದು ಸುಲಭದ ಪ್ರಶ್ನೆ. ಇಬ್ಬರು ತೀರಿಕೊಂಡಿದ್ದರು. ಒಬ್ಬ ಮೇಲಿನಮನೆಯ ಅಜ್ಜ. ಅವನು ಸಾಯುವ ತನಕ ತಲೆದಿಂಬಿನ ಕೆಳಗೆ ದೊಡ್ಡ ಪಕ್ಷವೊಂದರ ಬಾವುಟ ಇಟ್ಟುಕೊಂಡಿದ್ದನಂತೆ. ಇನ್ನೊಬ್ಬಳು ಸುಬ್ಬಲಕ್ಷ್ಮಿ, ಅವಳ ಓಟು ಕೊನೆಯವರೆಗೂ ಗೋಕರ್ಣದ ತವರಲ್ಲೇ ಇತ್ತು. ಜಟ್ಟಪ್ಪನಿಗೆ ಲೆಕ್ಕ ಹತ್ತಲಿಲ್ಲ. ಸತ್ತವರಲ್ಲಿ ಅವನವರು ಯಾರೂ ಇರಲಿಲ್ಲ.

"ಹಾಂಗಾದ್ರೆ ಯಾರು?" ಎಂದ, ತನಗೇ ಎಂಬಂತೆ.

"ನಾನು" ಎಂದಿತು ಹಿಂದಿನಿಂದ ಒಂದು ದನಿ.

ತಲೆಯ ಮೇಲೆ ಹರಿವೆಸೊಪ್ಪಿನ ಕಟ್ಟು ಹೊತ್ತ ಮುದುಕಿ. ಗದ್ದೆಯಿಂದ ಬರುತ್ತಿದ್ದಳೆಂದು ತೋರುತ್ತಿತ್ತು, ಮೊಣಕಾಲವರೆಗೆ ಮಣ್ಣು. ಕತ್ತಿನ ತುಂಬ ಕರಿಮಣಿ. ಅವಳು ಕಮಲಿ, ಊರಿನ ಮದುವೆಗಳಲ್ಲಿ ಹಾಡು ಹೇಳುವವಳು. ಅವಳು ದನಿ ಎತ್ತರಿಸಿದರೆ ಹೊಳೆಯಾಚೆಗೂ ಕೇಳುತ್ತದೆ, ಈಗ ಅವಳು ಎತ್ತರಿಸಿಯೇ ಇದ್ದಳು.

"ಈಗ ಸಿಕ್ತನಾ ತಮಾ ದಾರಿ? ಓಟು ಎಲ್ಲ ಮುಗ್ದು, ಡಬ್ಬಿ ಎಲ್ಲ ಒಡ್ದ ಮೇಲೆ?"

"ಕಮಲಕ್ಕಾ, ನೀನಾ ನಾಲ್ಕನೇದು?"

"ನಾಲ್ಕನೇದೋ ಮೊದಲನೇದೋ ನಂಗೇನು ಗೊತ್ತು. ಟಾರ್ಚಿಗೂ ಹಾಕ್ದೆ, ಕುಕ್ಕರಿಗೂ ಹಾಕ್ದೆ. ಈ ಸಲ ಹಾಕಲಿಲ್ಲ. ಹಾಕೂದಿಲ್ಲ ಅಂದ್ಕಂಡೇ ಹೋದೆ."

ಜಟ್ಟಪ್ಪ ಬೆಂಚಿನ ಮೇಲೆ ಕುಳಿತ. ಸತ್ತಿರಬಹುದೆಂದು ಹೆದರಿದ್ದವನಿಗೆ ಜೀವ ಬಂದಂತಾಯಿತು. ಬಂದ ಮರುಗಳಿಗೆಯೇ ಇನ್ನೊಂದು ಕಡೆ ಚುಚ್ಚಿತು. ಸತ್ತವರು ಓಟು ಹಾಕದಿದ್ದರೆ ಯಾರೂ ಏನೂ ಮಾಡುವಂತಿಲ್ಲ. ಬದುಕಿದ್ದವಳು, ಹಾಕಬಾರದೆಂದೇ ಮೂರು ಫರ್ಲಾಂಗು ನಡೆದುಹೋದವಳು, ಇವಳಿಗೆ ಏನು ಹೇಳುವುದು?

"ನನ್ನಿಂದ ಎಂತ ತಪ್ಪಾತು ಅಕ್ಕಾ?"

ಕಮಲಿ ಸೊಪ್ಪಿನ ಕಟ್ಟು ಇಳಿಸಿ, ಸೆರಗಿನಿಂದ ಮುಖ ಒರೆಸಿದಳು. ಹೇಳುವ ಮಾತು ದೊಡ್ಡದಿದ್ದರೆ ಅವಳಿಗೆ ಜಾಗ ಬೇಕು. ಬೆಂಚಿನವರು ಸರಿದು ಕೊಟ್ಟರು.

"ಹೊಳೆ ಆಚೆ ನಿಂದು ಆಟೋ ಬಂತು. ನಿನ್ನ ದನಿ ಕೇಳ್ತು. ಓ ಜಟ್ಟಪ್ಪ ಬಂದ ಅಂದ್ಕಂಡು ಅನ್ನದ ಚರಿಗೆ ಒಲೆಯಿಂದ ಇಳ್ಸಿ ಓಡ್ದೆ. ಹೊಳೆ ಈಚೆ ನಿಂತ್ಕಂಡು ಕೇಳ್ದೆ, 'ತಮಾ, ಸಂಕ ಹೋದ ಮಳೆಗಾಲದಲ್ಲೇ ಮುರೀತು, ಅರ್ಜಿ ಬರೀತ್ಯೋ?' ನಿನ್ನ ದನಿ ಎಂತ ಹೇಳ್ತು ಗೊತ್ತದ್ಯಾ? 'ನಿಮ್ಮ ಅಮೂಲ್ಯವಾದ ಮತ' ಹೇಳ್ತು. ಕೇಳಲಿಲ್ಲ ಕಾಣ್ತದೆ ಅಂದ್ಕಂಡು ಗಟ್ಟಿ ಕೇಳ್ದೆ. 'ನಾನು ನಿಮ್ಮ ಮನೆಯ ಮಗ' ಹೇಳ್ತು. ಮನೆ ಮಗ ಆದ್ರೆ ಮನೆ ಬಾಗ್ಲಿಗೆ ಬರಬೇಕಲ್ದಾ? ಮೂರನೇ ಸಲ ಕೇಳ್ತೆ ಇದ್ದೆ, ಆಟೋ ತಿರುಗ್ಸಿ ಹೋಗೇಬಿಡ್ತು. ನೀ ಒಳಗೆ ಕೂತ್ಕಂಡೇ ಮಾತಾಡ್ಸದೆ ಹೋದೆ ಅಂತ ನಾ ನಾಲ್ಕು ದಿನ ಗಂಜಿ ಸರೀ ಉಣ್ಣಲಿಲ್ಲ."

ನಾಗಭೂಷಣ ನಗಲು ಬಾಯಿ ತೆರೆದ. ದುರ್ಗಿ ಅವನನ್ನು ಒಮ್ಮೆ ನೋಡಿದಳು. ಅವನು ಚಾ ಸೋಸತೊಡಗಿದ.

"ನಾ ಆಟೋದಲ್ಲಿ ಇರಲಿಲ್ಲ ಅಕ್ಕಾ. ಅದು ರೆಕಾರ್ಡು."

"ಅದು ಆಮೇಲೆ ಗೊತ್ತಾತು, ಮೊಮ್ಮಗಳು ಚಂದನಾ ಹೇಳ್ದಳು. ಗೊತ್ತಾದ ಮೇಲೆ ಸಿಟ್ಟು ಇನ್ನೂ ಜಾಸ್ತಿ ಆತು. ದನಿ ಕಳ್ಸೂಕೆ ಆತಲ್ಲ ನಿಂಗೆ, ನೀ ಬರೂಕೆ ಆಗಲಿಲ್ವೋ?"

"ಮತ್ತೆ ಓಟು ಯಾರಿಗೆ ಹಾಕ್ದೆ?" ಎಂದು ದುರ್ಗಿ ತಡೆಯಲಾರದೆ ಕೇಳಿದಳು.

"ಯಾರಿಗೂ ಇಲ್ಲ. ಎಲ್ಲರ ಕೆಳಗೆ ಕಡೇ ಬಟನ್ ಅದೆಯಲ್ಲ, ಸಿಟ್ಟು ಬಂದೋರಿಗೆ ಅಂತ ಇಟ್ಟದ್ದು, ಅದನ್ನ ಒತ್ತಿ ಬಂದೆ. ಎರಡು ಸಲ ಒತ್ತುವಾ ಅಂದ್ರೆ ಆಫೀಸರು ಬಿಡಲಿಲ್ಲ."

ಜಟ್ಟಪ್ಪನಿಗೆ ಆಗ ಹಳೆಯ ಚುನಾವಣೆಗಳು ಕಣ್ಣ ಮುಂದೆ ಬಂದವು. ಇಸ್ತ್ರಿ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಯಾರದೋ ಜಗಲಿಯಲ್ಲಿ ಕುಳಿತು ವಿಧವಾ ವೇತನಕ್ಕೆ ಬರೆದ ಅರ್ಜಿ. ಟಾರ್ಚಿನ ವರ್ಷ ಶಾಲೆಯ ಮಾಡಿಗೆ ಬರೆದದ್ದು. ಕುಕ್ಕರಿನ ವರ್ಷ, ಹೌದು, ಇದೇ ಕಮಲಿಯ ಜಗಲಿಯಲ್ಲಿ ಬೆಲ್ಲನೀರು ಕುಡಿದು, ಊರಿಗೊಂದು ನಲ್ಲಿ ಬೇಕೆಂದು ಬರೆದಿದ್ದ. ಒಂದು ಸಲ ಬರೆದರೆ ಸಾಲದು; ಸೋತ ಮೇಲೆ ಆ ಕಾಗದಗಳನ್ನೇ ಹಿಡಿದು ಆಫೀಸು ಆಫೀಸು ಅಲೆಯುತ್ತಿದ್ದ. ಬೇರೆ ಅಭ್ಯರ್ಥಿಗಳು ಸೋತರೆ ಮನೆ ಸೇರುತ್ತಿದ್ದರು. ಇವನ ಕೆಲಸ ಶುರುವಾಗುತ್ತಿದ್ದುದೇ ಆಗ. ಓಟು ಕೇಳುವುದು ಅವನಿಗೆ ಒಂದು ನೆವ, ಜಗಲಿ ಹತ್ತಲು. ಈ ಸಲ ಫ್ಯಾನು ಊರೆಲ್ಲ ಸುತ್ತಿತು, ಚೀಲ ಮಾತ್ರ ಗೋಡೆಯ ಗೂಟದಲ್ಲೇ ನೇತಾಡಿತು. ಒಂದೂ ಅರ್ಜಿ ಬರೆದಿರಲಿಲ್ಲ. ಅದು ಅವನ ನೆನಪಿಗೂ ಬಂದಿರಲಿಲ್ಲ. ನೂರ ಮೂವತ್ತೆರಡು ಓಟು ಹೆಚ್ಚು ಬಂದ ಖುಷಿಯಲ್ಲಿ ಮುಳುಗಿಹೋಗಿದ್ದ.

"ನಾಗಭೂಷಣ, ಬಿಳಿ ಹಾಳೆ ಅದ್ಯಾ?"

"ಚಂದನಾಳ ನೋಟುಬುಕ್ಕು ಅದೆ" ಎಂದಳು ಕಮಲಿ, ಮುಖ ಇನ್ನೂ ಗಂಟಾಗಿಯೇ ಇತ್ತು.

ಕಮಲಿಯ ಜಗಲಿಯಲ್ಲೇ ಕುಳಿತು ಬರೆದದ್ದಾಯಿತು. ಹೊನ್ನಾವರದ ತಾಲೂಕು ಕಚೇರಿಗೆ, ಮಾನ್ಯರೇ ಎಂದು. ಮಳೆ ಹಿಡಿಯಲು ಹತ್ತು ದಿನವೂ ಇಲ್ಲ, ಮಂಕಿಯ ಹೈಸ್ಕೂಲಿಗೆ ಹೋಗುವ ಹದಿನಾಲ್ಕು ಮಕ್ಕಳು ದಿನಾ ಹೊಳೆ ದಾಟಬೇಕು, ಕಾಯಂ ಸೇತುವೆ ಆಗುವ ತನಕ ಸಂಕವನ್ನಾದರೂ ಕೂಡಲೇ ಕಟ್ಟಿಸಿ ಕೊಡಬೇಕು. ಬರೆದು ಮುಗಿಸಿ ಜಟ್ಟಪ್ಪ ಗಟ್ಟಿಯಾಗಿ ಓದಿದ. ಕಮಲಿ ಮಧ್ಯೆ ತಡೆದಳು.

"'ವಿನಂತಿ' ಅಂತ ಎಷ್ಟು ಸಲ ಬರ್ದಿದ್ದೆ? ಒಂದ್ ಸಲ ಸಾಕು. ಎರಡನೇ ಸಲಕ್ಕೆ ಗದರ್ಸು."

ಒಂದು ವಿನಂತಿ ಹೊಡೆದುಹಾಕಿ 'ತಪ್ಪಿದರೆ ನಾವೇ ಬಂದು ಕೂರುತ್ತೇವೆ' ಎಂದು ಸೇರಿಸಿದ. ಅಷ್ಟರಲ್ಲಿ ಸುದ್ದಿ ಮನೆಮನೆ ತಲುಪಿ ಜನ ಬರತೊಡಗಿದರು. ಬೆಂಚಿನ ನಾಲ್ವರು ಎಲ್ಲರಿಗಿಂತ ಮೊದಲು ಸಹಿ ಹಾಕಿದರು, ಸ್ವಲ್ಪ ದೊಡ್ಡ ಅಕ್ಷರದಲ್ಲೇ. ದುರ್ಗಿ ಸಿಗಡಿಯ ಪೊಟ್ಟಣ ತೆಗೆದು ಒಳಗೆ ಕೊಟ್ಟಳು. ಸ್ವಲ್ಪ ಹೊತ್ತಿನಲ್ಲಿ ಅದು ಕಾಯಿ, ಹುಣಸೆಯ ಜೊತೆ ಚಟ್ನಿಯಾಗಿ ಹೊರಗೆ ಬಂತು. ಸಹಿಗಳು ನಲವತ್ತೊಂದಾದವು. ಮೂರು ಓಟಿನ ಊರಲ್ಲಿ ನಲವತ್ತೊಂದು ಸಹಿ! ಜಟ್ಟಪ್ಪ ಎರಡು ಸಲ ಎಣಿಸಿದ.

ಕಮಲಿ ಕೊನೆಗೆ ಬಂದು ಹೆಬ್ಬೆಟ್ಟು ಒತ್ತಿದಳು.

"ಇದು ಸಂಕಕ್ಕೆ" ಎಂದಳು. "ಓಟಿನ ಮಾತು ಬೇರೆ. ಅದಕ್ಕೆ ನೀ ಮುಂದಿನ ಸಲ ನಡ್ಕಂಡು ಬಂದು, ಈ ಜಗಲಿ ಹತ್ತಿ, ಬಾಯಿ ಬಿಟ್ಟು ಕೇಳಬೇಕು. ಆಗ ಯೋಚ್ನೆ ಮಾಡ್ತೆ. ಹಾಕ್ತೆ ಅಂತ ಹೇಳೂದಿಲ್ಲ."

"ಬತ್ತೆ ಅಕ್ಕಾ. ಬೇಡ ಅಂದ್ರೂ ಬತ್ತೆ."

"ಮೂರು ಮಂದಿ ಉಳಿದೋರು ಯಾರು, ನಿಂಗಾದ್ರೂ ಗೊತ್ತಾ?" ದುರ್ಗಿ ಮೆಲ್ಲಗೆ ಕೇಳಿದಳು.

ಕಮಲಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅದು ಕೇಳೂಕಾಗ ತಂಗೀ. ನಂದೂ ನಾನಾಗೇ ಹೇಳ್ದದ್ದು, ಸಿಟ್ಟಿಗೆ."

ಇಳಿಯುವ ದಾರಿಯಲ್ಲಿ ಗುಡ್ಡದ ಅಂಚಿಗೆ ಬಂದಾಗ ಫೋನಿಗೆ ಸಿಗ್ನಲ್ ಸಿಕ್ಕಿತು. ಸಿಕ್ಕಿದ್ದೇ ಸುಧಾಕರನ ಕರೆ.

"ಮಾವ, ಎಂತಾತು? ಯಾರು ಸತ್ತದ್ದು?"

"ಯಾರೂ ಸಾಯಲಿಲ್ಲ ಮಾರಾಯ!" ಜಟ್ಟಪ್ಪ ಹೊಳೆಗೂ ಗುಡ್ಡಕ್ಕೂ ಕೇಳುವಷ್ಟು ಕೂಗಿದ. ಊರಲ್ಲಿ ಗೆದ್ದವರು ಮೆರವಣಿಗೆಯ ಜೀಪಿನ ಮೇಲೆ ನಿಂತು ಕೂಗುತ್ತಾರಲ್ಲ, ಹಾಗೆ. "ನನ್ ಮೇಲೆ ಒಬ್ರಿಗೆ ಸಿಟ್ಟು ಬಂದದೆ! ನಾಲ್ಕು ದಿನ ಗಂಜಿ ಬಿಡೂವಷ್ಟು ಸಿಟ್ಟು!"

"ಅದಕ್ಕೆ ಇಷ್ಟು ಖುಷಿಯಾ ಮಾವ?"

"ನಿಂಗೆ ಗೊತ್ತಾಗೂದಿಲ್ಲ. ನಾಳೆ ಅಂಗಡಿ ಎಷ್ಟೊತ್ತಿಗೆ ತೆಗೀತೆ? ಒಂದು ಅರ್ಜಿ ಅದೆ, ಮೂರು ಪ್ರತಿ ಬೇಕು. ಹನ್ನೊಂದಕ್ಕೆ ನಾ ಹೊನ್ನಾವರದಲ್ಲಿ ಇರಬೇಕು."

"ಹ್ವಾಯ್" ಎಂದು ದುರ್ಗಿ ಅವನ ತೋಳು ಹಿಡಿದಳು. "ಊರಿಗೆಲ್ಲ ಕೇಳ್ತು. ಈಗ ಕಾಲು ನೋಡ್ಕಂಡು ಇಳೀರಿ ಕಾಂಬ."