ಅಂಗಳದ ದೋಣಿ

ಹತ್ತು ಜನ ಹೆಗಲು ಕೊಟ್ಟು ತಳ್ಳಿದರೂ ದೋಣಿ ಅಲುಗಲಿಲ್ಲ.

"ಇನ್ನೊಂದ್ಸಲ. ಎಲ್ರೂ ಒಟ್ಗೆ," ಎಂದು ಕಲ್ಲೇಶಪ್ಪ ಪಂಚೆ ಎತ್ತಿ ಕಟ್ಟಿದ. ಅಣ್ಣ ಷಡಕ್ಷರಪ್ಪನ ಮಣ್ಣಿಗೆಂದು ಜಾವಗಲ್ಲಿನಿಂದ ಮೊದಲ ಬಸ್ಸಿಗೆ ಬಂದವನಿಗೆ ಅಳುವುದಕ್ಕೂ ಪುರುಸೊತ್ತು ಸಿಕ್ಕಿರಲಿಲ್ಲ.

ಅರಸೀಕೆರೆಯ ಆ ಓಣಿಯಲ್ಲಿ ಷಡಕ್ಷರಪ್ಪನ ಮನೆ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ದೋಣಿ ಮನೆ ಎಂದರೆ ಮಕ್ಕಳೂ ತೋರಿಸುತ್ತಿದ್ದವು. ಗೇಟಿನಿಂದ ಜಗಲಿಯವರೆಗೆ ಅಂಗಳದ ತುಂಬ ಹದಿನಾರಡಿ ಉದ್ದದ ತಗಡಿನ ದೋಣಿ, ಅದರಡಿ ಟ್ರೈಲರು, ಟ್ರೈಲರಿನ ಮೂತಿಗೆ ಬೋಲ್ಟು ಹಾಕಿ ಕೂರಿಸಿದ ಎಂಜಿನ್ ಗಾಡಿ. ನೆಂಟರಿರಲಿ, ಹಾಲಿನವನಿರಲಿ, ಗೋಡೆಗೆ ಬೆನ್ನು ಸವರಿಕೊಂಡೇ ಒಳಗೆ ಬರಬೇಕಿತ್ತು. ನಿನ್ನೆ ಆಸ್ಪತ್ರೆಯಿಂದ ತಂದ ದೇಹವನ್ನೂ ಹಾಗೇ ಓರೆ ಮಾಡಿ ದಾಟಿಸಿದ್ದರು. ಆದರೆ ಇವರಲ್ಲಿ ಸತ್ತವರನ್ನು ಕೂರಿಸಿಕೊಂಡೇ ಒಯ್ಯುವುದು. ಬಿದಿರಿನ ವಿಮಾನ ಕಟ್ಟಿ, ಹೂವಿನ ನಡುವೆ ಕೂರಿಸಿದ ಮೇಲೆ ಓರೆ ಮಾಡುವ ಮಾತಿಲ್ಲ. ಜಗಲಿಯ ಮೇಲೆ ವಿಮಾನ ಸಿದ್ಧವಾಗಿತ್ತು. ಅದು ಹೋಗಲು ದಾರಿ ಇರಲಿಲ್ಲ.

"ಹೊತ್ತು ಮೀರ್ತೈತೆ," ಎಂದರು ಐನೋರು.

"ಅದು ಗೇರಲ್ಲೇ ಕಚ್ಕೊಂಡು ನಿಂತೈತೆ. ಎಂಜಿನ್ ತಿರುಗ್ದೆ ಚಕ್ರ ಬಿಡಲ್ಲ," ಎಂದ ಕೆಂಚಯ್ಯ. ರೈಲ್ವೆಯ ಲೋಕೋ ಶೆಡ್ಡಿನಲ್ಲಿ ಷಡಕ್ಷರಪ್ಪನ ಕೈಕೆಳಗೆ ದುಡಿದವನು, ಈ ಗಾಡಿ ಕಟ್ಟುವಾಗಲೂ ಜೊತೆಗಿದ್ದವನು. ಬೆಳಗಿನಿಂದ ತಳ್ಳಲು ಕೈ ಹಾಕದೆ ಕಾಂಪೌಂಡಿಗೆ ಒರಗಿ ನಿಂತಿದ್ದ.

"ಹಂಗಾದ್ರೆ ಸ್ಟಾರ್ಟ್ ಮಾಡು ಮಾರಾಯ."

"ಎಂಜಿನ್ ತಿರುಗ್ಸೋ ಹ್ಯಾಂಡ್ಲು ಇಲ್ಲ," ಎಂದು ಕೆಂಚಯ್ಯ ನೆಲ ನೋಡಿದ.

ಒಳಗೆ ಗಂಡನ ಪಕ್ಕ ಕೂತಿದ್ದ ರುದ್ರಮ್ಮನಿಗೆ ಆ ಮಾತು ಕೇಳಿಸಿತು.

*

"ಮೂವತ್ನಾಕು ವರ್ಷ ರೈಲ್ ಕಂಬಿ ಹೋದ್ ಕಡೆ ಹೋಗಿದೀನಿ ಕಣೇ. ಕಂಬಿ ಇಲ್ದಿದ್ ಕಡೆ ಒಂದ್ಸಲ ಹೋಗ್ಬೇಕು," ಎಂದಿದ್ದ ಷಡಕ್ಷರಪ್ಪ, ನಿವೃತ್ತಿಯಾದ ವಾರಕ್ಕೇ. ರುದ್ರಮ್ಮ ಕಾಶಿಯೋ ಶ್ರೀಶೈಲವೋ ಎಂದುಕೊಂಡಳು. ಅವನು ತಗಡು ತಂದ.

ದೋಣಿಯನ್ನು ಕೆರೆ ದಂಡೆಯಲ್ಲಿ ಬಿಟ್ಟರೆ ಬೆಳಗಾಗುವುದರೊಳಗೆ ಯಾರದೋ ಕೊಟ್ಟಿಗೆಯ ಸೂರಾಗುತ್ತಿತ್ತು. ಮನೆಯಲ್ಲೇ ಇಡಬೇಕು. ಓಣಿಯೊಳಗೆ ಟ್ರ್ಯಾಕ್ಟರ್ ತಿರುಗದು. ಎತ್ತು ಮುಂದಕ್ಕೆ ಎಳೆಯುತ್ತವೆಯೇ ಹೊರತು ಹಿಂದಕ್ಕೆ ತಳ್ಳು ಎಂದರೆ ಮುಖ ನೋಡುತ್ತವೆ. ಅದಕ್ಕೇ ಹಳೆಯ ಪಂಪಿನ ಡೀಸೆಲ್ ಎಂಜಿನ್ನಿಗೆ ಗುಜರಿ ಆಟೋದ ಗೇರು ಸೇರಿಸಿ, ಪಕ್ಕದಲ್ಲಿ ನಡೆದುಕೊಂಡೇ ಓಡಿಸುವ ಆ ಗಾಡಿ ಮಾಡಿದ. ಹ್ಯಾಂಡಲ್ ಹೊಡೆದರೆ ಗುಡುಗುಡು ಎನ್ನುತ್ತ ಎಮ್ಮೆಯ ನಡಿಗೆಯಲ್ಲಿ ಹಿಂದೆ ಮುಂದೆ ಹೋಗುತ್ತಿತ್ತು. ಎರಡೂ ಕಡೆ ನಾಲ್ಕೇ ಬೆರಳು ಜಾಗ ಬಿಟ್ಟು ಅವನು ದೋಣಿಯನ್ನು ಗೇಟಿನೊಳಗೆ ಹಿಮ್ಮುಖ ಸೇರಿಸಿದಾಗ ಓಣಿಯೇ ಚಪ್ಪಾಳೆ ತಟ್ಟಿತು. ರುದ್ರಮ್ಮ ಬಾಯಲ್ಲಿ ಬೈದು, ಒಳಗೆ ಹೋಗಿ ಮೆಣಸಿನಕಾಯಿ ತಂದು ದೃಷ್ಟಿ ತೆಗೆದಳು.

ಎರಡು ಸಾವಿರದ ಇಸವಿಯಲ್ಲಿ ಕೆರೆ ಕೋಡಿ ಬಿತ್ತು. ಬಹಳ ವರ್ಷಕ್ಕೆ ತುಂಬಿದ ಕೆರೆ ಬಲಿ ತಗೊಳ್ಳದೆ ಬಿಡುವುದಿಲ್ಲ ಎಂಬುದು ಅವಳು ಕಂಡ ಮಾತು. ತವರಿನ ಕೆರೆ ತುಂಬಿದ ವರ್ಷ ಇದ್ದೊಬ್ಬ ತಮ್ಮ ಅದರಲ್ಲೇ ಮುಳುಗಿ ಹೋಗಿದ್ದ. ನಾಳೆ ದೋಣಿ ಇಳಿಸುತ್ತೇನೆಂದು ಷಡಕ್ಷರಪ್ಪ ಹೇಳಿದ ದಿನ, ಹ್ಯಾಂಡಲ್ಲನ್ನು ಧಾರೆ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕಿಟ್ಟಳು.

ಅವನು ಇಡೀ ಮನೆ ಹುಡುಕಿದ. ಒಂದೇ ಒಂದು ಸಲ ಕೇಳಿದ.

"ಹ್ಯಾಂಡ್ಲು ನೋಡಿದ್ಯೇನೇ?"

"ನಿಮ್ ಕಬ್ಣ ಕಟ್ಕೊಂಡು ನಾನೇನ್ ಮಾಡ್ಲಿ?"

ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ಹೋಗ್ಲಿ ಬಿಡು, ಕಾಫಿ ಕೊಡು," ಎಂದ. ನೀರು ಇಳಿದ ಮೇಲೆ ಕೊಟ್ಟರಾಯಿತು ಎಂದುಕೊಂಡಿದ್ದಳು. ನೀರು ಇಳಿಯಿತು. ಕೊಡಲು ಮುಖ ಬರಲಿಲ್ಲ. ಆಮೇಲೆ ಮಳೆಯೇ ಬರಲಿಲ್ಲ, ಮೂರು ವರ್ಷ ಹಾಗೇ ಕಳೆಯಿತು.

*

ರುದ್ರಮ್ಮ ಎದ್ದು ಟ್ರಂಕು ತೆಗೆದಳು. ಸೀರೆಯ ಜರಿಗೆ ತುಕ್ಕಿನ ಕಲೆ ಹತ್ತಿತ್ತು. ಹ್ಯಾಂಡಲ್ ಹಿಡಿದು ಹೊರಗೆ ಬಂದಾಗ ದೋಣಿ ಹಿಡಿದಿದ್ದವರು ಗೋಡೆಗೆ ಸರಿದರು.

"ಅತ್ಗೆ, ಇದು ನಿಮ್ತಾವ ಎಂಗ್ ಬಂತು?" ಎಂದ ಕಲ್ಲೇಶಪ್ಪ.

"ನಾನೇ ಬಚ್ಚಿಟ್ಟಿದ್ದೆ. ನೀರಿಗೆ ಇಳೀತಾರೆ ಅಂತ ಬಚ್ಚಿಟ್ಟಿದ್ದೆ." ಮೂರು ವರ್ಷದಿಂದ ಗಂಡನೊಬ್ಬನಿಗೆ ಹೇಳಲಾಗದ್ದನ್ನು ಈಗ ಊರಿಗೇ ಹೇಳಿದಳು.

ಕೆಂಚಯ್ಯ ಅದನ್ನು ಎರಡೂ ಕೈಯಲ್ಲಿ ಈಸಿಕೊಂಡು, ಎಂಜಿನ್ನಿನ ಮೇಲಿನ ಟಾರ್ಪಾಲು ಸರಿಸಿದ. ಒಳಗೆ ಕೊಕ್ಕೆಗೆ ಇನ್ನೊಂದು ಹ್ಯಾಂಡಲ್ ತೂಗುತ್ತಿತ್ತು. ಅದಕ್ಕೆ ಗ್ರೀಸು ಹಚ್ಚಿತ್ತು.

"ಇದ್ಯಾವಾಗ ಮಾಡ್ಸಿದ್ರು?" ಎಂದಳು ರುದ್ರಮ್ಮ.

"ನೀವು ಬಚ್ಚಿಟ್ಟ ಮೂರ್ನೇ ದಿನ, ಅಕ್ಕ. ನನ್ ಕೈಲೇ ಬಡಿಸಿದ್ರು. ನೀವು ತವರಿಗೆ ಹೋದಾಗ ಎಂಜಿನ್ ಹಾಳಾಗ್ದಂಗೆ ಅಂಗಳದಾಗೇ ತಿರುಗಿಸ್ತಿದ್ರು."

"ಕೆರೆ ತುಂಬಿತ್ತಲ್ಲ. ಮತ್ಯಾಕೆ ಹೋಗ್ಲಿಲ್ಲ?"

"ಹೋಗಾನ ಮೇಸ್ತ್ರಿ ಅಂದೆ. ಅದ್ಕವ್ರು, ಅವ್ಳು ಹೆದ್ರಿಕಂಡವ್ಳೆ ಕಣೋ, ಅವ್ಳಾಗಿ ತಂದ್ಕೊಟ್ಟ ದಿನ ಅವ್ಳನ್ನೂ ಕೂರಿಸ್ಕೊಂಡು ಹೋಗೋಣ, ಅಲ್ಲಿಗಂಟ ಇದನ್ನ ಯಾರ್ಗೂ ತೋರಿಸ್ಬೇಡ ಅಂತ ಮಾತು ತಗೊಂಡ್ರು."

ಗಂಡ ಇನ್ನೊಂದು ಸಲ ಕೇಳಿದ್ದರೆ ರುದ್ರಮ್ಮ ಜಗಳವಾಡಿ ಕೊಡುತ್ತಿದ್ದಳು, ಬೈದಿದ್ದರೆ ಅತ್ತು ಕೊಡುತ್ತಿದ್ದಳು. ಅವನು ಎರಡೂ ಮಾಡಲಿಲ್ಲವಲ್ಲ ಎಂದು ಸತ್ತವನ ಮೇಲೆ ಸಿಟ್ಟು ಬಂತು, ಆ ಸಿಟ್ಟು ತನ್ನ ಮೇಲೆಯೇ ತಿರುಗಿತು.

ಕೆಂಚಯ್ಯ ತುಕ್ಕು ಹಿಡಿದದ್ದನ್ನೇ ಒರೆಸಿ ಹಾಕಿದ. ಎರಡನೇ ಸುತ್ತಿಗೆ ಎಂಜಿನ್ ಹಿಡಿಯಿತು. ಕಲ್ಲೇಶಪ್ಪ ಗೋಡೆಯ ಕಡೆ ಜಾಗ ನೋಡುತ್ತ ಹೇಳುತ್ತಿದ್ದಂತೆ ದೋಣಿ ನಿಧಾನವಾಗಿ ಗೇಟು ದಾಟಿ ಓಣಿಗೆ ತಿರುಗಿತು.

"ಇದನ್ನ ಈಗ ಎಲ್ಲಿ ಬಿಡಾದು?" ಎಂದ ಕೆಂಚಯ್ಯ.

"ಕೆರೆಗೆ ನಡೀಲಿ," ಎಂದಳು ರುದ್ರಮ್ಮ.

"ಅಕ್ಕ, ಕೆರೇಲಿ ಈಗ ಒಂದ್ ಬೊಗಸೆ ನೀರಿಲ್ಲ."

"ಗೊತ್ತು. ನಡೀಲಿ."

ದೋಣಿ ಮುಂದೆ, ಷಡಕ್ಷರಪ್ಪ ಹಿಂದೆ, ಎಮ್ಮೆಯ ನಡಿಗೆಯಲ್ಲಿ ಪೇಟೆ ದಾಟಿದರು. ಕೊಬ್ಬರಿ ಮಂಡಿಯವರು ತಕ್ಕಡಿ ಬಿಟ್ಟು ಎದ್ದು ನಿಂತು ನೋಡಿದರು. ನಗುವುದೋ ಕೈ ಮುಗಿಯುವುದೋ ತಿಳಿಯದೆ ಕೆಲವರು ಎರಡನ್ನೂ ಮಾಡಿದರು.

ರುದ್ರಭೂಮಿ ಕೆರೆ ಏರಿಯ ಪಕ್ಕದಲ್ಲೇ ಇತ್ತು. ಮಣ್ಣು ಮುಗಿಸಿ ಕೈಕಾಲು ತೊಳೆಯುವ ಹೊತ್ತಿಗೆ ರುದ್ರಮ್ಮ ಎಲ್ಲೂ ಕಾಣಲಿಲ್ಲ. ಕಲ್ಲೇಶಪ್ಪ ಗಾಬರಿಯಿಂದ ಏರಿ ಹತ್ತಿದ.

ಕೆಳಗೆ ಕೆರೆ ಬಿರುಕು ಬಿಟ್ಟು ಬಿದ್ದಿತ್ತು. ಜಾಲಿ ಗಿಡಗಳ ನಡುವೆ ಕೆಂಚಯ್ಯ ನಿಲ್ಲಿಸಿದ್ದ ದೋಣಿಯ ಸುತ್ತ ಯಾರದೋ ಕುರಿಗಳು ಮೇಯುತ್ತಿದ್ದವು. ಒಳಗೆ ಅಡ್ಡ ಹಲಗೆಯ ಒಂದು ಬದಿಗೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು, ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ರುದ್ರಮ್ಮ ಕೂತಿದ್ದಳು.