ಕಾಗದಕ್ಕೆ ಬಾರದ ಗೆರೆ

ನಕ್ಷೆ ಮುದ್ರಿಸುವ ಪ್ಲಾಟರ್ ಎಂಬ ಯಂತ್ರವನ್ನು ಕಂಡುಹಿಡಿದವನು ಯಾರೋ ನನಗೆ ಗೊತ್ತಿಲ್ಲ. ಸಿಕ್ಕಿದರೆ ಎರಡು ಮಾತು ಕೇಳುವುದಿದೆ. ಕಂಪ್ಯೂಟರಿನ ಪರದೆಯ ಮೇಲೆ ಎಲ್ಲ ಸರಿಯಾಗಿರುತ್ತದೆ, ಗೋಡೆ ಗೋಡೆಯ ಹಾಗೆ, ಬಾಗಿಲು ಬಾಗಿಲಿನ ಹಾಗೆ. ಪ್ರಿಂಟ್ ಒತ್ತಿದ ಮೇಲೆ ಆ ಉದ್ದನೆಯ ಯಂತ್ರದ ಬಾಯಿಂದ ಏನು ಹೊರಬರುತ್ತದೋ ದೇವರೇ ಬಲ್ಲ. ಒಮ್ಮೆ ಅರ್ಧ ಕಟ್ಟಡ ಬರುತ್ತದೆ, ಒಮ್ಮೆ ಅಕ್ಷರಗಳೆಲ್ಲ ಪ್ರಶ್ನೆಚಿಹ್ನೆಗಳಾಗಿ ಬರುತ್ತವೆ, ಒಮ್ಮೆ ಇಡೀ ಬಂಗಲೆ ಅಂಚೆಚೀಟಿಯಷ್ಟಾಗಿ ಮೂಲೆಯಲ್ಲಿ ಕೂತಿರುತ್ತದೆ. ಮುಂಬೈ ಪಕ್ಕದ ಠಾಣೆ ನಗರದ ವಾಗ್ಳೆ ಎಸ್ಟೇಟಿನ ಈ ಆರ್ಕಿಟೆಕ್ಟ್ ಆಫೀಸಿನಲ್ಲಿ ನಕ್ಷೆ ಬಿಡಿಸುತ್ತ ಬಿಡಿಸುತ್ತ ನನ್ನ ಕೂದಲು ಬೆಳ್ಳಗಾಗತೊಡಗಿದೆ. ಅದರಲ್ಲಿ ಅರ್ಧ ಈ ಪ್ಲಾಟರಿನ ದಯೆ.

ಆದರೆ ಆ ಗುರುವಾರ ತಪ್ಪು ಪ್ಲಾಟರಿನದಲ್ಲ, ನನ್ನದು. ಬೇಕೆಂದೇ ಮಾಡಿದ್ದು.

ಹಿಂದಿನ ದಿನ ಆಫೀಸಿಗೆ ಹೊಸ ಕಂಪ್ಯೂಟರುಗಳು ಬಂದಿದ್ದವು. ಹಳೆಯವನ್ನು ಅಳಿಸಿ ಸಾಗಹಾಕಿದ್ದಾಗಿತ್ತು. ಟಿಟ್ವಾಳಾದಲ್ಲಿ ಏಳಲಿರುವ ಒಂದು ವಸತಿ ಸಮುಚ್ಚಯದ ನಕ್ಷೆ ಸಂಜೆಯೊಳಗೆ ಕಾಗದದ ಮೇಲೆ ಬೇಕಿತ್ತು. ಸೋನಾಲಿ ಮೇಡಂ, ಅಂದರೆ ಈ ಆಫೀಸಿನ ಒಡತಿ, ಮೊದಲ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. ಎಲ್ಲ ಗೆರೆಗಳೂ ಒಂದೇ ದಪ್ಪ. ಹೊರಗೋಡೆಯೂ ಅಷ್ಟೇ, ನೆಲದ ಟೈಲ್ಸೂ ಅಷ್ಟೇ. ಹಳದಿ ಬಣ್ಣದಲ್ಲಿ ಬಿಡಿಸಿದ ಗೋಡೆಗಳು ಹಳದಿಯಾಗಿಯೇ ಬಂದು ಬಿಳಿ ಕಾಗದದ ಮೇಲೆ ಕಣ್ಣಿಗೇ ಬೀಳುತ್ತಿರಲಿಲ್ಲ.

"ಕಾಯ್ ಝಾಲಂ, ನೇತ್ರಾ?" ಎಂದರು ಮೇಡಂ, ಏನಾಯಿತು ಎಂದು.

"ಪೆನ್ ಫೈಲ್ ಹೋಗಿದೆ ಮೇಡಂ," ಎಂದೆ.

ಪೆನ್ ಫೈಲ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಪರದೆಯ ಮೇಲೆ ನಾವು ಗೆರೆಗಳಿಗೆ ಬಣ್ಣ ಕೊಡುತ್ತೇವೆ, ಕಾಗದದ ಮೇಲೆ ಬೇಕಾಗಿರುವುದು ದಪ್ಪ. ಯಾವ ಬಣ್ಣಕ್ಕೆ ಎಷ್ಟು ದಪ್ಪ, ಎಷ್ಟು ಕಪ್ಪು ಎಂದು ಪ್ಲಾಟರಿಗೆ ಹೇಳಿಕೊಡುವ ಒಂದು ಪುಟ್ಟ ಫೈಲ್ ಅದು. ಅದಿಲ್ಲದಿದ್ದರೆ ನಕ್ಷೆಗೆ ಮುಖವೇ ಇರುವುದಿಲ್ಲ.

ಹೋಗಿದೆ ಎಂದು ನಾನು ಹೇಳಿದ್ದು ಶುದ್ಧ ಸುಳ್ಳು. ಅದರ ಪ್ರತಿ ನನ್ನ ಹತ್ತಿರವಿತ್ತು. ಹಳೆಯ ಕಂಪ್ಯೂಟರ್ ಹೋಗುವ ಮುಂಚೆಯೇ ಅದನ್ನು ತೆಗೆದು, ಹೊಸದರಲ್ಲಿ 'ಹಳೆ ಬಾಗಿಲು ಕಿಟಕಿ' ಎಂಬ ಯಾರೂ ಮುಟ್ಟದ ಫೋಲ್ಡರಿನೊಳಗೆ ಇಟ್ಟಿದ್ದೆ. ಇಲ್ಲದಿದ್ದರೂ ಅರ್ಧ ತಾಸು ಕೂತರೆ ಹೊಸದನ್ನು ಮಾಡಬಲ್ಲೆ. ಆದರೆ ಆ ಫೈಲ್ ಮಾಡಿದ್ದು ನಾನು ಮತ್ತು ರಾಜಶೇಖರ ಕೂಡಿ. ಅದು ಕಳೆದುಹೋದರೆ ಅವನಿಗೆ ಫೋನ್ ಮಾಡಲು ನನಗೆ ಒಂದು ಕಾರಣ ಸಿಗುತ್ತಿತ್ತು. ಎರಡು ವರ್ಷದಿಂದ ನಾನು ಹುಡುಕುತ್ತಿದ್ದುದು ಅಂಥದೊಂದು ಕಾರಣವನ್ನೇ.

ನಾನು ಎಣಿಸಿದಂತೆಯೇ ಮೇಡಂ ಅಂದರು, "ರಾಜಶೇಖರನ ಹತ್ತಿರ ಇರುತ್ತೆ. ಮೇಲ್ ಮಾಡು ಅಂತ ಹೇಳು."

ರಾಜಶೇಖರ ನನ್ನ ಪಕ್ಕದ ಮೇಜಿನವನು. ಆಗಿದ್ದವನು ಎನ್ನಬೇಕು. ಈಗ ನವಿ ಮುಂಬೈಯ ಬೇಲಾಪುರದಲ್ಲಿ ಬೇರೆ ಕಡೆ ಕೆಲಸಕ್ಕಿದ್ದಾನೆ. ಎದುರಿಗೆ ಯಾವಾಗಲೂ ನೀವು, ರೀ ಎಂದೇ ಮಾತಾಡಿದವಳು ನಾನು. ಮನಸ್ಸಿನೊಳಗೆ ಮಾತ್ರ ಅವನು.

ಅವನು ಬಂದ ಮೊದಲ ವಾರ ಕಲ್ಯಾಣದ ಒಂದು ಕಟ್ಟಡದ ಮೆಟ್ಟಿಲು ಪರದೆಯ ಮೇಲೆ ಕಾಣುತ್ತಿತ್ತು, ಕಾಗದಕ್ಕೆ ಬರುತ್ತಿರಲಿಲ್ಲ. ಶಾಯಿ ಬದಲಿಸಿದ, ಕಾಗದದ ಸುರುಳಿ ಬದಲಿಸಿದ, ಪ್ಲಾಟರನ್ನು ಆರಿಸಿ ಮತ್ತೆ ಹಚ್ಚಿದ. ಕಡೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನ್ ಧಾಡಿ ಬಡದದ ಇದಕ್ಕ?" ಎಂದ. ಈ ಆಫೀಸಿನಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು. ನಮ್ಮಪ್ಪ ವಿಜಯಪುರದಿಂದ ಬಂದು ಡೊಂಬಿವಲಿಯಲ್ಲಿ ನೆಲೆಸಿದವರು, ಮನೆಯಲ್ಲಿ ಇದೇ ಮಾತು. "ಅದಕ್ಕ ಏನೂ ಆಗಿಲ್ಲ, ನಿಮ್ಮ ಮೆಟ್ಟಿಲು ಪ್ರಿಂಟ್ ಆಗದ ಲೇಯರಿನ್ಯಾಗ ಕುಂತಾವ್ರಿ," ಎಂದೆ ನಾನು.

ನಕ್ಷೆಯ ಸಾಫ್ಟ್‌ವೇರಿನಲ್ಲಿ ಅಂಥದೊಂದು ಲೇಯರ್, ಪದರ, ಇರುತ್ತದೆ. ಅದರ ಮೇಲೆ ಬಿಡಿಸಿದ್ದು ಕಣ್ಣಿಗೆ ಕಾಣುತ್ತದೆ, ಕಾಗದಕ್ಕೆ ಮಾತ್ರ ಎಂದೂ ಇಳಿಯುವುದಿಲ್ಲ. ಹೊಸಬರೆಲ್ಲ ಒಮ್ಮೆ ಅದರಲ್ಲಿ ಬಿದ್ದೇ ಏಳುತ್ತಾರೆ.

ಬಿದ್ದವನು ಅವನು, ಅದನ್ನು ಬಳಸಲು ಶುರು ಮಾಡಿದವನೂ ಅವನೇ. ಮರುದಿನ ನಾನು ಅದೇ ನಕ್ಷೆ ತೆರೆದರೆ, ಅಂಚಿನ ಗೆರೆಯಾಚೆ ಬಲಮೂಲೆಯಲ್ಲಿ ಸಣ್ಣ ಕನ್ನಡ ಅಕ್ಷರಗಳು ಕೂತಿದ್ದವು. "ಮೆಟ್ಟಿಲು ಸಿಕ್ಕವು. ಉಪಕಾರ." ಪ್ರಿಂಟ್ ಆಗುವ ಭಯವಿಲ್ಲ, ಮೇಡಂಗೆ ಕನ್ನಡ ಓದಲು ಬಾರದು. ಅಂದಿನಿಂದ ಆ ಮೂಲೆ ನಮ್ಮದಾಯಿತು. "ಫಾಸ್ಟ್ ಲೋಕಲ್ ರದ್ದು, ಸ್ಲೋ ಹಿಡೀರಿ." "ಇವತ್ತ ಮೇಡಂ ಮಾರಿ ಉಬ್ಬೇದ, ರಜಾ ಕೇಳಬ್ಯಾಡ್ರಿ." "ಡಬ್ಬಿಯೊಳಗ ಝುಣಕ ಅದ, ಅರ್ಧ ನಿಮಗ." ಇಷ್ಟೇ. ಇದರಲ್ಲಿ ಪ್ರೀತಿಯ ಒಂದು ಅಕ್ಷರವೂ ಇರಲಿಲ್ಲ, ಆದರೂ ಬೆಳಿಗ್ಗೆ ಕಂಪ್ಯೂಟರ್ ತೆರೆಯುವಾಗ ನನ್ನ ಕೈ ಮೊದಲು ಆ ಮೂಲೆಗೇ ಹೋಗುತ್ತಿತ್ತು.

ಸಂಜೆ ಠಾಣೆ ರೈಲ್ವೆ ಸ್ಟೇಷನ್‌ವರೆಗೆ ಶೇರ್ ರಿಕ್ಷಾದಲ್ಲಿ ಜೊತೆಗೆ ಹೋಗುತ್ತಿದ್ದೆವು. ಪ್ಲಾಟ್‌ಫಾರ್ಮಿನಲ್ಲಿ ನಾನು ಲೇಡೀಸ್ ಡಬ್ಬಿಯ ಕಡೆ, ಅವನು ಜನರಲ್ ಕಡೆ. ನಾನು ಡೊಂಬಿವಲಿಯಲ್ಲಿ ಇಳಿಯುತ್ತಿದ್ದೆ, ಅವನ ಮನೆ ಮುಂದೆ ಕಲ್ಯಾಣದಲ್ಲಿ. ಇಳಿದವಳು ಜನರ ತಳ್ಳಾಟದಿಂದ ಪಕ್ಕಕ್ಕೆ ಸರಿದು ಕಂಬದ ಹತ್ತಿರ ನಿಲ್ಲುತ್ತಿದ್ದೆ. ಗಾಡಿ ಹೊರಟು ಅವನ ಡಬ್ಬಿ ಮುಂದೆ ಹಾದಾಗ, ಬಾಗಿಲಲ್ಲಿ ಜೋತುಬಿದ್ದವರ ನಡುವಿನಿಂದ ಒಂದು ಕೈ ಮೇಲೇಳುತ್ತಿತ್ತು. ಅವನು ಹೋಗಿ ಎರಡು ವರ್ಷವಾಯಿತು. ನಾನು ಈಗಲೂ ಗಾಡಿ ಹೋಗುವವರೆಗೆ ನಿಂತೇ ಬ್ರಿಜ್ ಹತ್ತುತ್ತೇನೆ. ಯಾರಾದರೂ ಕೇಳಿದರೆ ಗದ್ದಲ ಕಡಿಮೆಯಾಗಲಿ ಅಂತ ಎನ್ನುತ್ತೇನೆ.

ಹೋದದ್ದಾದರೂ ಏಕೆ? ಲಾಕ್‌ಡೌನ್ ನಂತರ ಕೆಲಸ ಇಳಿದು, ಇಬ್ಬರಲ್ಲಿ ಒಬ್ಬರನ್ನಷ್ಟೇ ಇಟ್ಟುಕೊಳ್ಳಬಲ್ಲೆ ಎಂದು ಮೇಡಂ ಒಂದು ದಿನ ಹೇಳಿದರು. ಮರುದಿನ ಅವನು ಬಂದು, ಬೇಲಾಪುರದಲ್ಲಿ ಬೇರೆ ಕೆಲಸ ಸಿಕ್ಕಿದೆ ಎಂದ. ಒಂದೇ ರಾತ್ರಿಯಲ್ಲಿ ಕೆಲಸ ಯಾರಿಗೆ ಸಿಗುತ್ತದೆ? ನನಗಾಗಿ ಬಿಟ್ಟಿರಾ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಅವನು ಕಡೆಯ ದಿನ ಮುಟ್ಟಿದ ನಕ್ಷೆಗಳ ಮೂಲೆಗಳನ್ನೆಲ್ಲ ನೋಡಿದೆ. ಎಲ್ಲ ಖಾಲಿ. ಆಮೇಲೆ ಹಬ್ಬಕ್ಕೆ ಒಂದು ಶುಭಾಶಯ, ಅದಕ್ಕೆ ಎರಡು ಕೈ ಮುಗಿದ ಚಿತ್ರ, ಅಷ್ಟರಲ್ಲೇ ನಮ್ಮ ಮಾತು ಮುಗಿಯಿತು. ವಾಟ್ಸಾಪಿನಲ್ಲಿ ಅವನ ಹೆಸರಿನ ಪಕ್ಕ ಅಂದಿನಿಂದಲೂ ಒಂದು ಕಟಿಂಗ್ ಚಹಾದ ಫೋಟೋ. ಮದುವೆಯಾಗಿದ್ದಾನೋ ಇಲ್ಲವೋ ಒಂದು ಗ್ಲಾಸು ಚಹಾ ನೋಡಿ ಯಾರು ಹೇಳಬೇಕು.

ಕಾರಣ ಕೈಗೆ ಬಂದ ಮೇಲೆ ನನಗೆ ಹೆದರಿಕೆಯಾಯಿತು. ಫೈಲ್ ಮೇಲ್ ಮಾಡಿಬಿಟ್ಟರೆ ಎರಡು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ, ಇನ್ನೊಮ್ಮೆ ಫೋನ್ ಮಾಡಲು ನೆಪವೂ ಉಳಿಯುವುದಿಲ್ಲ. ಮೇಡಂ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಸ್ಪೀಕರ್ ಹಾಕಿ ನಂಬರ್ ಒತ್ತಿದೆ.

"ಹೇಳ್ರಿ ನೇತ್ರಾ ಅವರ," ಎಂದ, ನಿನ್ನೆ ಸಂಜೆಯಷ್ಟೇ ಬಿಟ್ಟುಹೋದವನ ಹಾಗೆ.

ನಾನು ಬಾಯಿಪಾಠ ಮಾಡಿಕೊಂಡಿದ್ದೆಲ್ಲ ಮರೆತುಹೋಯಿತು. ಪೆನ್ ಫೈಲ್ ಹೋಯಿತು, ಸಂಜೆಯೊಳಗೆ ನಕ್ಷೆ ಬೇಕು ಎಂದಷ್ಟೇ ತೊದಲಿದೆ. ಆಗ ಅವನ ಕಡೆಯಿಂದ ಒಂದು ಹೆಣ್ಣುದನಿ ಕೇಳಿಸಿತು, ಅದೂ ಕನ್ನಡದಲ್ಲಿ. "ಸರ್, ನೀವು ಊಟಕ್ಕೆ ಬರುದಿಲ್ವಾ? ತಣ್ಣಗಾಗ್ತದೆ ಮಾರಾಯ್ರೆ."

ಅಲ್ಲೂ ಒಬ್ಬಳು ಕನ್ನಡದವಳು ಸಿಕ್ಕಿದಳಲ್ಲ. ಈಗ ಝುಣಕ ಯಾರ ಪಾಲಿಗೋ, ಮೂಲೆಯ ಅಕ್ಷರಗಳು ಯಾರಿಗೋ.

"ಯಾರ್ರಿ ಅವರು?" ಎಂದು ಕೇಳಿಯೇಬಿಟ್ಟೆ. ಮೇಡಂಗೆ ಕನ್ನಡ ತಿಳಿಯುವುದಿಲ್ಲ ಎಂಬುದೊಂದೇ ಧೈರ್ಯ.

"ಜಯಲತಾ ಅಂತ, ಇಲ್ಲೇ ಅಕೌಂಟ್ಸ್‌ನ್ಯಾಗ. ಮಂಗಳೂರ ಕಡೆಯವರು. ದೊಡ್ಡವರದಾರ, ಎಲ್ಲಾರ್ನೂ ಹಿಡಿದು ಉಣ್ಣಸ್ತಾರ," ಎಂದ. "ಆದ್ರ ನಮ್ಮ ಕಡೆ ಮಾತು ಆಡೋರು ಇಲ್ಲಿ ಯಾರೂ ಇಲ್ರಿ," ಎಂದೂ ಸೇರಿಸಿದ.

ಆ ಮಾತನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂರುವ ಆಸೆಯಾಯಿತು. ಮೇಡಂ ಬಿಡಬೇಕಲ್ಲ. ಹಿಂದಿಯಲ್ಲಿ ನೇರವಾಗಿ ಕೇಳಿದರು, "ರಾಜಶೇಖರ್, ಆ ಫೈಲ್ ನಿನ್ನ ಹತ್ತಿರ ಇದೆಯಲ್ಲ?"

"ಇಲ್ಲ ಮೇಡಂ. ನನ್ನ ಹತ್ತಿರ ಇಲ್ಲ," ಎಂದ.

ನೆಪ ಉಳಿಯಿತೆಂದು ನಾನು ಖುಷಿಪಡಬೇಕಿತ್ತು. ಆಗಿದ್ದು ಸಂಕಟ. ಮನೆ ಕೀಲಿಯ ಜೊತೆ ಪೆನ್ ಡ್ರೈವ್ ಕಟ್ಟಿಕೊಂಡು ತಿರುಗುವವನು, ಒಂದೊಂದು ಫೈಲನ್ನೂ ಮೂರು ಕಡೆ ಇಡುವವನು, ಇದೊಂದನ್ನು ಇಟ್ಟುಕೊಳ್ಳಲಿಲ್ಲ. ಹೊರಗೋಡೆಗೆ ಇಷ್ಟು, ಬಾಗಿಲಿಗೆ ಇಷ್ಟು, ಗಿಡಮರಕ್ಕೆ ಕೂದಲೆಳೆಯಷ್ಟು ಎಂದು ಹಾಳೆಯ ಮೇಲೆ ಹಾಳೆ ತೆಗೆದು, ಜಗಳವಾಡಿ, ಒಪ್ಪಿ ಮಾಡಿದ್ದೆವು ಅದನ್ನು. ನಾನು ಅದನ್ನು ಬಚ್ಚಿಟ್ಟು ಕಾಯುತ್ತಿದ್ದರೆ ಅವನು ಎಸೆದು ಹೋಗಿದ್ದ.

"ನಿಮ್ಮ ಸ್ಕ್ರೀನ್ ನನಗ ಕೊಡ್ರಿ, ಇಲ್ಲಿಂದಲೇ ನೋಡ್ತೀನಿ," ಎಂದ.

ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್ ತೆರೆದು ಅದರ ನಂಬರ್ ಹೇಳಿದೆ. ಸ್ವಲ್ಪ ಹೊತ್ತಿನಲ್ಲಿ ನನ್ನ ಪರದೆಯ ಮೇಲಿನ ಬಾಣ ತನ್ನಷ್ಟಕ್ಕೆ ತಾನೇ ನಡೆಯತೊಡಗಿತು. ನಾನು ಮೌಸ್ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ. ಏನನ್ನಾದರೂ ಒತ್ತುವ ಮೊದಲು ಅದರ ಸುತ್ತ ಬಾಣವನ್ನು ಒಂದು ಸುತ್ತು ತಿರುಗಿಸುವುದು ಅವನ ಹಳೆಯ ಚಾಳಿ. ಮೊದಲು ಅದಕ್ಕೆ ಬೈಯುತ್ತಿದ್ದೆ. ಈಗ ಆ ಬಾಣ ಸುತ್ತುವುದನ್ನು ಕಣ್ಣು ಕೀಳದೆ ನೋಡಿದೆ. ಅವನ ಕೈ ಬೇಲಾಪುರದಲ್ಲಿತ್ತು, ನನ್ನ ಮೇಜಿನ ಮೇಲೂ ಇತ್ತು. ಇಷ್ಟು ಹತ್ತಿರ ಅವನು ಪಕ್ಕದ ಕುರ್ಚಿಯಲ್ಲಿ ಕೂತಾಗಲೂ ಇರಲಿಲ್ಲ.

ಪ್ಲಾಟರಿನ ಹೆಸರು ಸರಿಯಿದೆಯೇ, ಕಾಗದದ ಅಳತೆ ಸರಿಯಿದೆಯೇ ಎಂದು ಒಂದೊಂದಾಗಿ ನೋಡಿದ. ಎಲ್ಲ ಗೆರೆಗಳೂ ಕಪ್ಪಾಗುವ ಸಿದ್ಧ ಫೈಲೊಂದನ್ನು ಹಾಕಿ, ಗೋಡೆಗಳಿಗಷ್ಟೇ ಬೇರೆಯಾಗಿ ದಪ್ಪ ಕೊಟ್ಟ. "ಇವತ್ತಿಗೆ ಇದು ಸಾಕು," ಎಂದು ಮೇಡಂಗೆ ಹಿಂದಿಯಲ್ಲಿ ಹೇಳಿ, "ಹಳೆ ಫೈಲ್ ಎಲ್ಲಿಯಾದರೂ ಉಳಿದಿದೆಯೋ ಏನೋ, ಒಮ್ಮೆ ಹುಡುಕುತ್ತೇನೆ," ಎಂದ.

ಬಾಣ ನನ್ನ ಫೋಲ್ಡರುಗಳೊಳಗೆ ಇಳಿಯಿತು. ಕಳವಾ ಶಾಲೆ, ಖಾರ್‌ಘರ್ ಬಂಗಲೆ, ಒಂದೊಂದನ್ನೇ ತೆರೆದು ಮುಚ್ಚುತ್ತ 'ಹಳೆ ಬಾಗಿಲು ಕಿಟಕಿ'ಯ ಹತ್ತಿರ ಬಂತು. ಅದರ ಸುತ್ತ ಒಂದು ಸುತ್ತು ತಿರುಗಿತು. ಫೈಲ್ ಅಲ್ಲಿ ಕಂಡರೆ ಇನ್ನೇನು ಹೇಳುವುದು? ಮೇಡಂ ಎದುರು ಸುಳ್ಳಿ, ಅವನೆದುರು ಅದಕ್ಕಿಂತ ದೊಡ್ಡ ಪೆದ್ದಿ. ಅಷ್ಟರಲ್ಲಿ ಟಿಟ್ವಾಳಾದ ಬಿಲ್ಡರನ ಫೋನ್ ಬಂದು ಮೇಡಂ ಎದ್ದರು, ಮಹಡಿಗಳ ಎತ್ತರ ಹೇಳು ಬಾ ಎಂದು ನನ್ನನ್ನೂ ಕ್ಯಾಬಿನ್ನಿಗೆ ಕರೆದರು. ಬಾಗಿಲ ಗಾಜಿನಾಚೆ ನನ್ನ ಪರದೆ ಬೆಳಗುತ್ತಿತ್ತು, ಅದರ ಮೇಲೆ ಏನು ನಡೆದಿದೆಯೋ ಅಷ್ಟು ದೂರದಿಂದ ಕಾಣುತ್ತಿರಲಿಲ್ಲ.

ಮೇಡಂ ಜೊತೆ ಮರಳಿ ಬಂದಾಗ ಸ್ಪೀಕರ್ ಫೋನ್ ಇನ್ನೂ ನಡೆದೇ ಇತ್ತು, ಪರದೆಯ ಮೇಲೆ ಟಿಟ್ವಾಳಾದ ನಕ್ಷೆಯಷ್ಟೇ ಇತ್ತು.

"ಎಲ್ಲೂ ಇಲ್ಲ ಮೇಡಂ," ಎಂದು ಸ್ಪೀಕರಿನಿಂದ ದನಿ ಬಂತು. "ಪ್ಲಾನ್ ಹೇಗೋ ಸರಿಹೋಯಿತು. ಕಟ್ಟಡದ ಮುಂಭಾಗ, ಅದನ್ನು ಸೀಳಿ ತೋರಿಸುವ ಸೆಕ್ಷನ್, ಇವೆಲ್ಲ ಹೀಗೆ ಆಗುವುದಿಲ್ಲ. ಪೆನ್ ಫೈಲನ್ನೇ ಹೊಸದಾಗಿ ಮಾಡಬೇಕು. ದೂರದಿಂದ ಆಗುವ ಕೆಲಸವಲ್ಲ. ಶನಿವಾರ ನನಗೆ ರಜೆ, ನಾನೇ ಬರುತ್ತೇನೆ."

"ಯೇ, ಯೇ, ಶನಿವಾರೀ ಯೇ," ಎಂದರು ಮೇಡಂ, ಬಾ ಬಾ ಎಂದು, ಮತ್ತೆ ಬಿಲ್ಡರನ ಕಡೆ ಹೋದರು.

ಫೋನ್ ಇಟ್ಟಾಯಿತು. ನಾನು ನಕ್ಷೆಯ ಮುಂದೆ ಮುಖ ಸಣ್ಣದು ಮಾಡಿಕೊಂಡು ಕೂತೆ. ಬರುತ್ತಾನೆ, ಸರಿ. ಬರುವುದು ಕೆಲಸಕ್ಕೆ. ಹಳೆಯ ಆಫೀಸಿನವರು ಕರೆದರು, ಒಳ್ಳೆಯ ಮನುಷ್ಯ, ಬರುತ್ತಾನೆ, ಹೊಸ ಫೈಲ್ ಮಾಡುತ್ತಾನೆ, ಹೋಗುತ್ತಾನೆ. ಹಳೆಯದು ಅವನಿಗೆ ಬೇಕಾಗಿಯೇ ಇರಲಿಲ್ಲ. ಶನಿವಾರದ ಮೊದಲೇ ಆ ಫೈಲನ್ನು ತೆಗೆದು ಮೇಡಂ ಮುಂದಿಟ್ಟು, ಸಿಕ್ಕಿತು, ಅವನು ಬರುವುದು ಬೇಡ ಎಂದುಬಿಡೋಣ ಅಂದುಕೊಂಡೆ. ಅಷ್ಟು ಸಿಟ್ಟು ಬಂದಿತ್ತು, ಸಿಟ್ಟಿನೊಳಗೆ ಅಷ್ಟೇ ಅಳುವೂ ಇತ್ತು.

ಪ್ರಿಂಟ್ ಕೊಡುವ ಮೊದಲು ನಕ್ಷೆಯ ಅಂಚನ್ನು ಒಮ್ಮೆ ನೋಡುವುದು ರೂಢಿ. ಕೈ ತಾನಾಗಿಯೇ ಬಲಮೂಲೆಗೆ ಹೋಯಿತು. ಎರಡು ವರ್ಷದಿಂದ ಅಲ್ಲಿ ಏನೂ ಇರುತ್ತಿರಲಿಲ್ಲ, ಆದರೂ ಹೋಗುತ್ತಿತ್ತು.

ಅಂಚಿನ ಗೆರೆಯಾಚೆ, ಕಾಗದಕ್ಕೆ ಬಾರದ ಆ ಪದರದ ಮೇಲೆ, ಸಣ್ಣ ಕನ್ನಡ ಅಕ್ಷರಗಳಿದ್ದವು.

"ಫೈಲ್ ಬಾಗಿಲು ಕಿಟಕಿಯೊಳಗ ಸಿಕ್ತು. ಇದ್ದಲ್ಲೇ ಇರ್ಲಿ, ನಾ ಬರೋತನಕ ತೆಗಿಬ್ಯಾಡ್ರಿ. ನನ್ನ ಪ್ರತಿನೂ ಕೀಲಿ ಜೋಡಿ ಪೆನ್ ಡ್ರೈವಿನ್ಯಾಗ ಅದ."

ಮತ್ತೆ ಮತ್ತೆ ಓದಿದೆ. ಕ್ಯಾಬಿನ್ನಿನಿಂದ ಮೇಡಂ, ಪ್ರಿಂಟ್ ಕೊಟ್ಟೆಯಾ ಎಂದು ಕೂಗಿದರು. ಕೊಟ್ಟೆ. ಪ್ಲಾಟರ್ ಗೊಣಗುತ್ತ ಹಾಳೆಯನ್ನು ನಿಧಾನವಾಗಿ ಹೊರಗೆ ಬಿಟ್ಟಿತು. ಗೋಡೆಗಳು ದಪ್ಪಗೆ, ಕಪ್ಪಗೆ ಬಂದಿದ್ದವು. ಮೇಡಂ ಅದನ್ನು ಬೆಳಕಿಗೆ ಹಿಡಿದು ನಾಲ್ಕೂ ಮೂಲೆ ನೋಡಿದರು.

"ಈಗ ಸರಿಯಾಯಿತು," ಎಂದರು.

ಬಲಮೂಲೆಯಲ್ಲಿ ಬಿಳಿ ಕಾಗದವಷ್ಟೇ ಇತ್ತು.

"ಇನ್ನೂ ಆಗಿಲ್ಲ ಮೇಡಂ," ಎಂದೆ ನಾನು. "ಶನಿವಾರ ಅವರು ಬರಲೇಬೇಕು."