ಖಾನೆಶುಮಾರಿಯಲ್ಲಿ ಚಂದಮ್ಮ

ನರೋಣದಲ್ಲಿ ಸುಂದರಬಾಯಿಯ ಬಾಯಿಗೆ ಹೆದರದವರಿರಲಿಲ್ಲ. ಅವಳೊಡನೆ ಜಗಳಕ್ಕೆ ನಿಂತು ಗೆದ್ದವರಿಲ್ಲ, ಗೆದ್ದೆನೆಂದು ಹೇಳಿಕೊಳ್ಳುವ ಧೈರ್ಯವೂ ಯಾರಿಗೂ ಇಲ್ಲ. ಅಂಥವಳ ಬಾಯನ್ನು ಜೇವರ್ಗಿಯ ದೌಲತರಾಯರು ಒಂದೇ ಮಾತಿನಲ್ಲಿ ಕಟ್ಟಿಹಾಕಿದರು. ಮಗನಿಗೆ ಹೆಣ್ಣು ನೋಡಲು ಬಂದಿದ್ದರು. ಸುಂದರಬಾಯಿಯ ಮೊಮ್ಮಗಳು ಗುರುಶಾಂತಮ್ಮನನ್ನು ಒಪ್ಪಿ, ಸುಸಲಾ ತಿಂದು, ಎಲೆ ಅಡಿಕೆ ಕೈಗೆ ಬಂದ ಮೇಲೆ ಮೆಲ್ಲಗೆ ಕೇಳಿದರು.

"ತಪ್ಪು ತಿಳೀಬ್ಯಾಡ್ರಿ ಬಾಯಾರ. ನಿಮ್ಮವ್ವ ಅತನೂರ ಮನ್ಯಾಗ ಉಡಕಿಯಾಗಿ ಬಂದಾಕಿನೋ, ಹಂಗಽ ಇಟ್ಟುಕೊಂಡಾಕಿನೋ? ಮಂದಿ ಎರಡೂ ಅಂತಾರ."

ಗಂಡ ಸತ್ತವಳಿಗೆ ಸೀರೆ ಉಡಿಸಿ ಮನೆ ತುಂಬಿಸಿಕೊಂಡರೆ ಅದು ಉಡಕಿ. ಅದೂ ಮದುವೆಯೇ. ಆದರೆ ಹಂದರವಿಲ್ಲ, ಅಕ್ಕಿಕಾಳಿಲ್ಲ. ಮುತ್ತೈದೆಯರು ನೋಡಬಾರದೆಂದು ದೀಪವನ್ನೂ ಆರಿಸುತ್ತಾರೆ. ಹೀಗೆ ಕತ್ತಲಲ್ಲಿ ನಡೆದದ್ದಕ್ಕೆ ಮುಂದೆ ಹಗಲಲ್ಲಿ ಸಾಕ್ಷಿ ಕೇಳುತ್ತಾರಲ್ಲ, ಆ ಜನರ ನ್ಯಾಯಕ್ಕೆ ಏನೆನ್ನಬೇಕು?

"ಹಳೇ ಉಡಕಿ ಇದ್ದರ ನಾವು ಕೆದಕೂದಿಲ್ರಿ," ಎಂದರು ದೌಲತರಾಯರು. "ಇಟ್ಟುಕೊಂಡಾಕಿ ಅಂದರ ಮಾತ್ರ ಆಗೂದಿಲ್ಲ. ಮತ್ತ ಈಗಿನ ಮನ್ಯಾಗ ಉಡಕಿ ಇರಬಾರದು, ನಮ್ಮ ಮಂದಿ ಒಪ್ಪೂದಿಲ್ಲ. ನಿಮ್ಮವ್ವಂದು ಎಲ್ಲೆರೆ ಬರದದ್ದು ಇದ್ದರ ತೋರಿಸ್ರಿ."

ಈಗಿನ ಮನೆಯ ಉಡಕಿ ಆ ಹೊತ್ತು ದನದ ಕೊಟ್ಟಿಗೆಯಲ್ಲಿದ್ದಳು. ಸುಂದರಬಾಯಿಯೇ ಅವಳನ್ನು ಬೆಳಿಗ್ಗೆಯಿಂದ ಅಲ್ಲಿ ಕೂರಿಸಿದ್ದಳು. ಹೆಸರು ಗೌರಾಬಾಯಿ, ಕಡಗಂಚಿಯವಳು. ಮಗ ಶಿವರಾಯನ ಮೊದಲ ಹೆಂಡತಿ ತೀರಿದ ಮೇಲೆ ಉಡಕಿಯಾಗಿ ಬಂದವಳು. ತಾಯಿಯಿಲ್ಲದ ಗುರುಶಾಂತಮ್ಮನ ತಲೆ ಬಾಚಿ, ಜ್ವರ ಬಂದರೆ ಮಗ್ಗುಲಲ್ಲಿ ಮಲಗಿ ಬೆಳೆಸಿದವಳೂ ಅವಳೇ.

ತನ್ನ ಅವ್ವ ಚಂದಮ್ಮನನ್ನು ಇಟ್ಟುಕೊಂಡವಳೆಂದು ಊರೂರಿಗೆ ಹಬ್ಬಿಸಿದವನು ಅತನೂರಿನ ಮಲಅಣ್ಣನೇ, ಅಪ್ಪನ ಮೊದಲ ಹೆಂಡತಿಯ ಮಗನೇ, ಎಂಬುದರಲ್ಲಿ ಸುಂದರಬಾಯಿಗೆ ಸಂಶಯವಿರಲಿಲ್ಲ. ಅವ್ವ ಸತ್ತಾಗ ಮನೆತನದ ಹೊಲದಲ್ಲಿ ಮಣ್ಣು ಕೊಡಲೊಪ್ಪದೆ ಹಳ್ಳದ ದಂಡೆಗೆ ಕಳಿಸಿದವನು ಅವನು. ಅಪ್ಪ ನಾಗಣ್ಣನಾದರೋ ದೇವರಂಥವನು. ಇವಳನ್ನು ಹೆಗಲ ಮೇಲೆ ಹೊತ್ತು ಸಂತೆ ತಿರುಗಿದವನು. ಇವತ್ತಿಗೂ ಅವನ ಫೋಟೋಕ್ಕೆ ವಿಭೂತಿ ಹಚ್ಚದೆ ಅವಳು ತುತ್ತು ಬಾಯಿಗಿಡುತ್ತಿರಲಿಲ್ಲ.

ಬರೆದದ್ದನ್ನು ಹುಡುಕಲು ಗೌರಾಬಾಯಿಯನ್ನು ಜೊತೆಗೆ ಕರೆದುಕೊಂಡು ಹೊರಟೇಬಿಟ್ಟಳು. ಮೊದಲು ಹೋದದ್ದು ಅಫಜಲಪುರದ ಕಡೆಯ ಒಂದು ಮಠಕ್ಕೆ, ಅಲ್ಲಿ ಹಳೆಯ ಲಗ್ನಗಳ ದಫ್ತರವಿದೆಯೆಂದು ಕೇಳಿ. ಅಲ್ಲಿನ ಅಯ್ಯನವರು ಪುಸ್ತಕವನ್ನೇ ತೆರೆಯಲಿಲ್ಲ. "ಉಡಕಿ ನಾವು ಬರಿಯೂದಿಲ್ಲ ತಾಯಿ. ಹಂದರದಾಗ ಆದ ಲಗ್ನ ಅಷ್ಟಽ ಬರಿತೇವಿ," ಎಂದರು. ಎಂದೂ ಬರೆಯದ ಮದುವೆಯನ್ನು ಹುಡುಕಲು ಎರಡು ಬಸ್ಸು ಹತ್ತಿ ಬಂದಂತಾಯಿತು.

ಉಳಿದದ್ದು ಖಾನೆಶುಮಾರಿ, ಎಂದರೆ ನಿಜಾಮರ ಕಾಲದ ಮನೆಮನೆಯ ಜನಗಣತಿ. ಅದರ ಗಂಟು ಅತನೂರಿನ ಲೆಕ್ಕಪತ್ರ ನೋಡುತ್ತಿದ್ದ ಹಳೆಯ ಪಟವಾರಿಯ ಮನೆಯಲ್ಲಿತ್ತು. ಪಟವಾರಿಯ ಮೊಮ್ಮಗ ವ್ಯಂಕಟೇಶ ಅಟ್ಟದಿಂದ ಅದನ್ನು ಇಳಿಸಿಕೊಟ್ಟ. ಎಲ್ಲ ಉರ್ದು. ಓದಲು ಯಾಕೂಬಸಾಬನನ್ನು ಕರೆಸಿದರು. ಪ್ರಾಯದಲ್ಲಿ ಪಟವಾರಿಯ ಕೈಕೆಳಗೆ ಬರೆಯುತ್ತಿದ್ದವನು ಅವನು. ನಾಗಣ್ಣನ ಮನೆಯ ಹಾಳೆ ಸಿಕ್ಕಿತು. ಯಾಕೂಬಸಾಬ ಅದನ್ನು ಮನಸ್ಸಿನಲ್ಲೇ ಓದಿಕೊಂಡು ಮತ್ತೆ ಮಡಚತೊಡಗಿದ.

"ಓದ್ರಿ ಕಾಕಾ. ನಾ ಏನ್ ನಿಮಗ ತಿಂತೇನಿ?"

"ಯಜಮಾನ ನಾಗಣ್ಣ. ಹೆಂಡತಿ ತೀರಿಕೊಂಡಾಳ. ಮಗಳು ಒಬ್ಬಾಕಿ, ಮಗ ಒಬ್ಬ. ಆಮ್ಯಾಲ... ಚಂದಮ್ಮ, ಬೇವಾ, ಮುಲಾಜಿಮಾ."

"ಹಂಗಂದರ ಏನ್ರಿ?" ಕೇಳಿದವಳು ಗೌರಾಬಾಯಿ.

"ಗಂಡ ಸತ್ತಾಕಿ. ಮನಿ ಕೆಲಸದಾಕಿ. ಅದರ ಕೆಳಗ, ಆಕಿ ಮಗಳು ಸುಂದರಾ."

ಸುಂದರಬಾಯಿಯ ಮೈ ಉರಿದುಹೋಯಿತು. "ಇದು ನಮ್ಮಣ್ಣನ ಕೆಲಸ. ಅವನಽ ಬರಸ್ಯಾನ!"

"ನಿಮ್ಮಣ್ಣ ಆವಾಗ ಗೋಲಿ ಆಡೂ ಹುಡುಗ ತಾಯಿ. ಇದು ನನ್ನ ಅಕ್ಷರ. ನಾಗಣ್ಣಗೌಡರಽ ಕಟ್ಟಿ ಮ್ಯಾಲ ಕುಂತು ಹೇಳ್ಯಾರ, ನಾ ಬರದೇನಿ. ಹಿರಿಮಗಳನ್ನ ನೋಡಾಕ ಬಂದ ಬೀಗರು ಮಗ್ಗಲದಾಗಽ ಇದ್ರು. ಮನ್ಯಾಗ ಉಡಕಿ ಅದ ಅಂದಿದ್ದರ ಎದ್ದು ಹೋಗ್ತಿದ್ರು. ನಿಮ್ಮವ್ವ ನೀರಿನ ತಂಬಿಗಿ ಹಿಡಕೊಂಡು ಬಾಗಲಾಗ ನಿಂತಿದ್ಲು, ಎಲ್ಲಾ ಕೇಳಿದ್ಲು. 'ಧಣ್ಯಾರ, ನೀರು ಇಲ್ಲಿಟ್ಟೇನ್ರಿ' ಅಂದು ಒಳಗ ಹೋದ್ಲು."

ಧಣ್ಯಾರ. ಅವ್ವ ಅಪ್ಪನನ್ನು ಸಾಯುವ ತನಕ ಕರೆದದ್ದು ಹಾಗೆಯೇ. ಅದು ಗಂಡನ ಮೇಲಿನ ಮರ್ಯಾದೆಯೆಂದು ಸುಂದರಬಾಯಿ ಇಷ್ಟು ವರ್ಷ ಎಲ್ಲರ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದಳು.

ಬಸ್ಸಿನಲ್ಲಿ ಜನ ತಿರುಗಿ ನೋಡುವಂತೆ ಅತ್ತಳು. "ಹೆಂಡತಿಗಿ ಹೆಂಡತಿ ಅನ್ನಾಕ ಬಾಯಿ ಬರಲಿಲ್ಲಲ್ಲ ಆ ಗಂಡಸಿಗೆ! ಅವನ ನಾಲಿಗಿ ಸೇದಿಹೋಗಲಿ!" ಗೌರಾಬಾಯಿ ಅವಳ ಬೆನ್ನು ಸವರುತ್ತ "ಅತ್ತೀ, ಸಾಕು ಬಿಡ್ರಿ, ಎದಿ ನೋಯ್ತದ" ಎನ್ನುತ್ತಲೇ ಇದ್ದಳು. ಮನೆ ಮುಟ್ಟಿದ ಕೂಡಲೇ ಸುಂದರಬಾಯಿ ಅಪ್ಪನ ಫೋಟೋ ತೆಗೆದು ಜೋಳದ ಹಗೇವಿಗೆ ಎಸೆದಳು.

ಜೇವರ್ಗಿಗೆ ಮಾತ್ರ, ಖಾನೆಶುಮಾರಿಗೆ ಗೆದ್ದಲು ಹತ್ತಿದೆ, ಅವ್ವ ಉಡಕಿಯೇ ಎಂದು ಲಿಂಗ ಮುಟ್ಟಿ ಹೇಳುತ್ತೇನೆ ಎಂದು ಹೇಳಿಕಳಿಸಿದಳು. ಆ ಮಾತಿನಲ್ಲಿ ಅರ್ಧವಾದರೂ ಸತ್ಯವಿತ್ತು. ದೌಲತರಾಯರು ಒಪ್ಪಿ, ಫೆಬ್ರುವರಿಯಲ್ಲಿ ಲಗ್ನದ ದಿನ ಗೊತ್ತುಮಾಡಲು ತಾವೇ ಬಂದರು.

ಎಂಬತ್ತೊಂದರ ಜನಗಣತಿ ನಡೆದಿತ್ತು. ದೌಲತರಾಯರು ಕಟ್ಟೆಯ ಮೇಲೆ ಕುಳಿತಿರುವಾಗಲೇ ಶಾಲೆಯ ಮಾಸ್ತರು ಕಾಗದ ಹಿಡಿದು ಅಂಗಳಕ್ಕೆ ಬಂದರು. ಶಿವರಾಯ ಹೊಲದಲ್ಲಿದ್ದ. ಸುಂದರಬಾಯಿಯೇ ಹೇಳತೊಡಗಿದಳು. ಮಗನ ಹೆಸರು, ತನ್ನದು, ಮೊಮ್ಮಗಳದು. ಅಷ್ಟರಲ್ಲಿ ಗೌರಾಬಾಯಿ ಮಾಸ್ತರಿಗೆಂದು ತಂಬಿಗೆಯಲ್ಲಿ ನೀರು ತಂದಳು. ಇಂದು ಬೀಗರು ಬರುವರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಇವರು?" ಎಂದರು ಮಾಸ್ತರು. "ಯಜಮಾನರಿಗಿ ಏನಾಗ್ಬೇಕ್ರಿ?"

ದೌಲತರಾಯರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನೋಡಿದರು. ಒಳಗೆ ಗುರುಶಾಂತಮ್ಮನ ಬಳೆ ಸದ್ದಾಯಿತು. ಸುಂದರಬಾಯಿಗೆ ಹಳ್ಳದ ದಂಡೆ ನೆನಪಾಯಿತು, ಯಾಕೂಬಸಾಬನ ಮುಖವೂ ನೆನಪಾಯಿತು. ನೆನಪಾಗಲಿಲ್ಲವೆಂದು ಅವಳ ಪರವಾಗಿ ಯಾರೂ ಹೇಳುವಂತಿಲ್ಲ.

"ಏನೂ ಆಗೂದಿಲ್ರಿ," ಎಂದಳು. "ಗೌರಾಬಾಯಿ ಅಂತ. ಗಂಡ ಸತ್ತಾಕಿ. ದನದ ಕೆಲಸಕ್ಕ ಇದ್ದಾಳ."

ಮಾಸ್ತರು ಅದೇ ಊರಿನವರು. ಒಂದು ಸಲ ತಲೆಯೆತ್ತಿ ನೋಡಿ, ಹೇಳಿದ್ದನ್ನೇ ಬರೆದುಕೊಂಡರು. ಲಗ್ನದ ದಿನ ಗೊತ್ತಾಯಿತು, ಸಕ್ಕರೆ ಹಂಚಿದರು, ದೌಲತರಾಯರು ಸಂತೋಷದಿಂದಲೇ ಬಸ್ಸು ಹತ್ತಿದರು.

ಅಂಗಳದಲ್ಲಿ ಈಗ ಅತ್ತೆ ಸೊಸೆ ಇಬ್ಬರೇ. ಸುಂದರಬಾಯಿ ಅವಳು ಅಳಲೆಂದು ಕಾದಳು, ಬೈಯಲೆಂದು ಕಾದಳು. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಗೌರಾಬಾಯಿ ಖಾಲಿ ತಂಬಿಗೆಯನ್ನು ತೊಳೆದು ಬೋರಲು ಹಾಕಿ, ಸೆರಗು ಸರಿಮಾಡಿಕೊಂಡಳು. ಕೇಳಿಸಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

"ಅಮ್ಮಾವ್ರ," ಎಂದಳು, "ದನಕ್ಕ ನೀರು ಕುಡಿಸಿ ಬರ್ಲೇನ್ರಿ?"